ರಟ್ಟು ಹಾಸಿದರೆ ಸೋರಿಕೆ ನಿಲ್ಲುವುದಿಲ್ಲ

ಗಾಡಿ ನಿಲ್ಲಿಸುವ ಜಾಗದಲ್ಲಿ ಕರಿ ಕಲೆ ಬೀಳುತ್ತಿದೆ ಎಂದು ನಿಮಗೆ ಗೊತ್ತಾಗಿ ಎಷ್ಟು ದಿನವಾಯಿತು ಹೇಳಿ. ಮೊದಲು ಒಂದೇ ಹನಿ ಇತ್ತು, ಚಪ್ಪಲಿಯಲ್ಲಿ ಒರೆಸಿ ಸುಮ್ಮನಾದಿರಿ. ಆಮೇಲೆ ಅದು ಅಂಗೈ ಅಗಲವಾಯಿತು, ಮನೆಯವರು ಟೈಲ್ಸ್ ಹಾಳಾಯಿತೆಂದು ಗೊಣಗಿದರು, ನೀವು ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ಗಾಡಿಯ ಕೆಳಗೆ ಹಾಸಿದಿರಿ. ನೆಲವೇನೋ ಉಳಿಯಿತು. ಎಂಜಿನ್ ಉಳಿಯಬೇಡವೇ?

ನಮ್ಮ ಹಳ್ಳಿ ಪಟ್ಟಣಗಳಲ್ಲಿ ಯಾವ ಮನೆ ಮುಂದೆ ನೋಡಿದರೂ ಕಾಣುವ ಗಾಡಿಯನ್ನೇ ತೆಗೆದುಕೊಳ್ಳೋಣ. 1994ರಲ್ಲಿ ಬಂದ ಸ್ಪ್ಲೆಂಡರ್, 97.2 ಸಿಸಿ ಎಂಜಿನ್ನಿನದು. ಅದರ ಹೊಟ್ಟೆಯಲ್ಲಿರುವ ಆಯಿಲ್ ಒಟ್ಟು ಒಂದು ಲೀಟರಿನ ಆಸುಪಾಸು, ಅಷ್ಟೇ. ಆ ಒಂದು ಲೀಟರೇ ಪಿಸ್ಟನ್ನಿಗೂ ಆಗಬೇಕು, ಗೇರಿಗೂ ಆಗಬೇಕು, ಕ್ಲಚ್ಚಿಗೂ ಆಗಬೇಕು. ಕಾರಿನ ಹಾಗೆ ಮೂರು ನಾಲ್ಕು ಲೀಟರ್ ಇದ್ದು ಅದರಲ್ಲಿ ಸ್ವಲ್ಪ ಹೋದರೆ ಹೋಗಲಿ ಎನ್ನುವಂತಿಲ್ಲ. ಕಾಲು ಲೀಟರ್ ಸೋರಿದರೆ ಕಾಲು ಭಾಗ ಹೋದಂತೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ಕೂಡಿಡುವವರಿಗೆ ಮಾತ್ರ ಹೇಳಿದ ಗಾದೆಯಲ್ಲ, ಕಳೆದುಕೊಳ್ಳುವವರಿಗೂ ಅಷ್ಟೇ ಅನ್ವಯಿಸುತ್ತದೆ. ಇನ್ನೊಂದು ಮಾತು. ಕ್ಲಚ್ ಕವರ್ ಇರುವುದು ಬಲಗಡೆ, ನಿಮ್ಮ ಬ್ರೇಕ್ ಪೆಡಲ್ಲೂ ಬಲಗಡೆಯೇ. ಅಲ್ಲಿ ಸೋರಿದ ಆಯಿಲ್ ಗಾಳಿಗೆ ಹಿಂದಕ್ಕೆ ಹರಡಿ ಪೆಡಲ್ ಮೇಲೆ, ನಿಮ್ಮ ಶೂ ಅಡಿಗೆ, ಕೊನೆಗೆ ಹಿಂದಿನ ಟೈರಿಗೆ ಬರುತ್ತದೆ. ಮಳೆಗಾಲದಲ್ಲಿ, ತಿರುವಿನಲ್ಲಿ, ಮಗುವನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಅದು ಏನು ಮಾಡೀತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಇವತ್ತು ಮಾತಾಡುವುದು ಕ್ಲಚ್ ಕವರಿನ ಗ್ಯಾಸ್ಕೆಟ್ ಬದಲಾಯಿಸುವುದರ ಬಗ್ಗೆ. ಗ್ಯಾರೇಜಿನವರು ಪ್ಯಾಕಿಂಗ್ ಅನ್ನುತ್ತಾರಲ್ಲ, ಅದೇ. ತಾಳ್ಮೆ ಇರುವ ಯಾರೇ ಆಗಲಿ, ಹುಡುಗರಾಗಲಿ ಹುಡುಗಿಯರಾಗಲಿ, ಮನೆಯಲ್ಲೇ ಮಾಡಬಹುದಾದ ಕೆಲಸ. ಆದರೆ ಒಂದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಹೊಸ ಪ್ಯಾಕಿಂಗ್ ಕೂರಿಸುವುದು ಹತ್ತು ನಿಮಿಷದ ಮಾತು, ಹಳೆಯದನ್ನು ಬಿಡಿಸಿ ಮೈ ಚೊಕ್ಕ ಮಾಡುವುದೇ ನಿಜವಾದ ಕೆಲಸ. ಅಲ್ಲಿ ಅವಸರ ಮಾಡಿದವರ ಗಾಡಿ ತಿಂಗಳೊಳಗೆ ಮತ್ತೆ ಸೋರುತ್ತದೆ, ಬೈಗುಳ ಮಾತ್ರ ಪ್ಯಾಕಿಂಗ್ ಮಾರಿದ ಅಂಗಡಿಯವರಿಗೆ.

ಬಿಚ್ಚುವುದಕ್ಕೆ ಮೊದಲು, ಸೋರುತ್ತಿರುವುದು ಎಲ್ಲಿಂದ ಎಂದು ಖಾತ್ರಿ ಮಾಡಿಕೊಂಡಿದ್ದೀರಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ಆಯಿಲ್ ಹನಿಯುವ ಜಾಗ ಬೇರೆ, ಸೋರುವ ಜಾಗ ಬೇರೆ. ಮೇಲೆ ಟ್ಯಾಪೆಟ್ ಕವರಿನ ರಬ್ಬರ್ ರಿಂಗ್ ಬಿಸಿಗೆ ಬೆಂದು ಗಟ್ಟಿಯಾಗಿದ್ದರೆ, ಅಲ್ಲಿಂದ ಇಳಿದ ಆಯಿಲ್ ಸಿಲಿಂಡರ್ ಮೈಮೇಲೆ ಹರಿದು ಕ್ಲಚ್ ಕವರಿನ ಅಂಚಿಗೆ ಬಂದು ನಿಲ್ಲುತ್ತದೆ. ನೋಡಿದವರಿಗೆ ಕ್ಲಚ್ ಕವರೇ ಸೋರಿದ ಹಾಗೆ ಕಾಣುತ್ತದೆ. ಆ ರಬ್ಬರ್ ರಿಂಗ್ ಬದಲಾಯಿಸಲು ಕ್ಲಚ್ ಕವರ್ ಬಿಚ್ಚುವುದೂ ಬೇಕಿಲ್ಲ, ಆಯಿಲ್ ಇಳಿಸುವುದೂ ಬೇಕಿಲ್ಲ. ಎಡಗಡೆ ಚೈನಿನ ಮುಂದಿನ ಸ್ಪ್ರಾಕೆಟ್ ಹತ್ತಿರ ಕಾಣುವ ಕರಿ ಜಿಡ್ಡು ಎಷ್ಟೋ ಸಲ ನೀವೇ ಚೈನಿಗೆ ಬಿಟ್ಟ ಎಣ್ಣೆ. ಕಿಕ್ಕರ್ ಶಾಫ್ಟ್ ಹೊರಬರುವ ಕಡೆ ಒದ್ದೆಯಿದ್ದರೆ ಅದು ಪ್ಯಾಕಿಂಗ್ ತಪ್ಪಲ್ಲ, ಆಯಿಲ್ ಸೀಲಿನದು.

ಕಂಡುಹಿಡಿಯುವುದು ಸುಲಭ. ಎಂಜಿನ್ ಆರಿದ ಮೇಲೆ ಸೋಪಿನ ನೀರು, ಹಳೆ ಟೂತ್‌ಬ್ರಷ್ ಹಾಕಿ ಚೆನ್ನಾಗಿ ತೊಳೆಯಿರಿ. ಒರೆಸಿ, ಬಿಸಿಲಿಗೆ ಒಣಗಿಸಿ. ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಜೋಡಣೆಯ ಗೆರೆಗಳ ಮೇಲೆ ತೆಳ್ಳಗೆ ಉದುರಿಸಿ, ಹತ್ತಿರದಲ್ಲೇ ಒಂದು ಸುತ್ತು ಹೋಗಿ ಬನ್ನಿ. ಎಲ್ಲಿ ಪೌಡರ್ ಮೊದಲು ಒದ್ದೆಯಾಗಿದೆಯೋ ಅದೇ ಜಾಗ. ಒದ್ದೆಯಾದ ಕಡೆಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು, ಎಲ್ಲಕ್ಕಿಂತ ಮುಂದಿರುವುದನ್ನು ನೋಡಿ. ಉಳಿದದ್ದೆಲ್ಲ ಅಲ್ಲಿಂದ ಹರಿದು ಬಂದದ್ದು.

ಕವರಿನ ಅಂಚೇ ಎಂದು ಖಚಿತವಾಯಿತು ಅನ್ನಿ. ಆಗಲೂ ಒಂದು ನಿಮಿಷ ನಿಲ್ಲಿ. ಪ್ಯಾಕಿಂಗ್ ವಯಸ್ಸಾಗಿ ಸೋತಿರಬಹುದು, ಆದರೆ ಅದನ್ನು ಒಳಗಿನಿಂದ ಯಾರಾದರೂ ದೂಡುತ್ತಿರಲೂಬಹುದು. ಆಯಿಲ್ ಎಷ್ಟಿದೆ ನೋಡಿ. ಬಾಟಲಿಯಲ್ಲಿ ಉಳಿದದ್ದನ್ನು ಯಾಕೆ ಬಿಡಬೇಕು ಎಂದು ಪೂರ್ತಿ ಸುರಿಯುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗಿದೆ. ಅತಿಯಾದರೆ ಅಮೃತವೂ ವಿಷ. ಮಟ್ಟ ಮೀರಿದ ಆಯಿಲ್ ಒಳಗೆ ಒತ್ತಡ ಹೆಚ್ಚಿಸಿ ದುರ್ಬಲ ಜಾಗ ಹುಡುಕಿಕೊಂಡು ಹೊರಬರುತ್ತದೆ. ಎಂಜಿನ್ನಿನ ಉಸಿರು ಹೊರಹೋಗುವ ಬ್ರೀದರ್ ಪೈಪು ಮಡಚಿಕೊಂಡಿದ್ದರೂ, ಮಣ್ಣು ಕಟ್ಟಿಕೊಂಡಿದ್ದರೂ ಅದೇ ಕಥೆ. ನೀವು ಹಾಕದೆಯೇ ಆಯಿಲ್ ಮಟ್ಟ ಏರುತ್ತಿದ್ದರೆ, ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಬರುತ್ತಿದ್ದರೆ, ಕಾರ್ಬುರೇಟರಿನಿಂದ ಪೆಟ್ರೋಲ್ ಒಳಗಿಳಿಯುತ್ತಿದೆ ಎಂದರ್ಥ. ಮೊದಲು ಅದನ್ನು ಸರಿಮಾಡಿಸಿ. ಇವುಗಳನ್ನು ನೋಡದೆ ಪ್ಯಾಕಿಂಗ್ ಎಷ್ಟು ಹೊಸದು ಹಾಕಿದರೂ ನಿಲ್ಲುವುದಿಲ್ಲ.

ಸಿಲಿಂಡರ್ ಹೆಡ್ಡಿನ ಕೆಳಗೆ, ಸಿಲಿಂಡರಿನ ಬುಡದಲ್ಲಿ, ಅಥವಾ ಎಂಜಿನ್ನಿನ ಎರಡು ಹೋಳು ಸೇರುವ ನಡುಗೆರೆಯಲ್ಲಿ ಸೋರಿಕೆ ಇದ್ದರೆ ನೀವು ಕೈ ಹಾಕಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಅಲ್ಲಿ ಟೈಮಿಂಗ್ ಚೈನು, ಪಿಸ್ಟನ್ ರಿಂಗು, ಬಿಗಿ ಮಾಡುವ ಅನುಕ್ರಮ ಎಲ್ಲ ಬರುತ್ತದೆ. ಅದು ಕೈಪಳಗಿದ ಮೆಕ್ಯಾನಿಕ್‌ನ ಕೆಲಸ. ಹೆಡ್ ಪ್ಯಾಕಿಂಗ್ ಹೋದರೆ ಬರೀ ಆಯಿಲ್ ಸೋರುವುದಿಲ್ಲ, ಕಂಪ್ರೆಷನ್ನೂ ಹೋಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಜೋಡಣೆಯ ಹತ್ತಿರ ಚಿಸ್ ಚಿಸ್ ಎಂಬ ಸದ್ದು ಕೇಳುತ್ತದೆ. ಆ ಲಕ್ಷಣ ಕಂಡರೆ ನೇರ ಗ್ಯಾರೇಜಿಗೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾ, ಯೆಜ್ಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡಿರುವವರಿಗೂ ಇಲ್ಲೇ ಒಂದು ಮಾತು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದರೂ ಗಾಡಿಗಳು ಇನ್ನೂ ಓಡುತ್ತಿವೆ, ಸಂತೋಷ. ನಿಮ್ಮ ಗಾಡಿಯಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ, ಎಡಗಡೆಗೆ. ಆ ಕವರಿನಲ್ಲಿ ಸೋರುವುದು ಗೇರ್ ಆಯಿಲ್. ಅದು ಮನೆಯಲ್ಲಿ ಮಾಡುವ ಕೆಲಸವೇ. ಆದರೆ ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸಿನಲ್ಲಿ ಪ್ಯಾಕಿಂಗ್ ಅಥವಾ ಸೀಲ್ ಹೋದರೆ ಆಯಿಲ್ ಹೊರಬರುವುದಕ್ಕಿಂತ ಗಾಳಿ ಒಳಹೋಗುವುದೇ ಅಪಾಯ. ಮಿಶ್ರಣದಲ್ಲಿ ಪೆಟ್ರೋಲೂ ಅದರೊಂದಿಗಿನ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಸೀಜ್ ಆಗುತ್ತದೆ. ‘ಹಳೇ ಗಾಡಿ, ಸೋರಿದರೇನೆ ಚೆಂದ’ ಎಂದು ಹೇಳಿಕೊಂಡು ತಿರುಗಬೇಡಿ.

ಇನ್ನು ಸಾಮಾನು. ಎಲ್ಲ ಬಿಚ್ಚಿ ಹರವಿಕೊಂಡ ಮೇಲೆ ಅಂಗಡಿಗೆ ಓಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿ ಅದು. ಮೊದಲೇ ತಂದಿಟ್ಟುಕೊಳ್ಳಿ: ಕ್ಲಚ್ ಕವರ್ ಪ್ಯಾಕಿಂಗ್, ಕಿಕ್ ಶಾಫ್ಟಿನ ಆಯಿಲ್ ಸೀಲ್, ಡ್ರೇನ್ ಬೋಲ್ಟಿನ ವಾಷರ್, ಹೊಸ ಆಯಿಲ್. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ, ಬೇರೆ ಊರಿನವರಿಗೂ ಸ್ಪ್ಲೆಂಡರಿನ ಸಾಮಾನು ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತದೆ. ಬರೀ ‘ಸ್ಪ್ಲೆಂಡರ್ ಪ್ಯಾಕಿಂಗ್ ಕೊಡಿ’ ಎನ್ನಬೇಡಿ. ಯಾವ ವರ್ಷದ್ದು, ಯಾವ ಮಾಡೆಲ್ ಎಂದು ಆರ್‌ಸಿ ನೋಡಿ ಹೇಳಿ. ಸ್ಪ್ಲೆಂಡರ್ ಹೆಸರಿನಲ್ಲೇ ಹಲವು ಗಾಡಿಗಳು ಬಂದಿವೆ, ಒಂದರ ಪ್ಯಾಕಿಂಗ್ ಇನ್ನೊಂದಕ್ಕೆ ಕೂತ ಹಾಗೆ ಕಂಡರೂ ಒಂದು ತೂತು ಆಚೀಚೆ ಇರುತ್ತದೆ.

ಪ್ಯಾಕಿಂಗ್ ಕಂಪನಿಯದೇ ತನ್ನಿ. ಬೆಲೆಯಲ್ಲಿ ಉಳಿಯುವುದು ಒಂದು ಟೀ ಕಾಫಿಯ ದುಡ್ಡು, ಕೆಟ್ಟರೆ ಮತ್ತೆ ಇಡೀ ಕೆಲಸ, ಮತ್ತೆ ಆಯಿಲ್. ಲಗ್ನಪತ್ರಿಕೆಯ ರಟ್ಟನ್ನು ಕತ್ತರಿಸಿ ಪ್ಯಾಕಿಂಗ್ ಮಾಡುವ ಜಾಣರೂ ಇದ್ದಾರೆ. ಅದು ಆಯಿಲ್ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಪ್ಯಾಕಿಂಗಿನ ಕಾಗದ ಬಿಸಿಗೂ ಆಯಿಲಿಗೂ ತಡೆಯುವಂತೆ ಮಾಡಿದ್ದು, ಅದರ ದಪ್ಪವೂ ಲೆಕ್ಕದ್ದೇ. ಹಾಗೆಯೇ ಆಯಿಲ್ ತರುವಾಗ ಮನೆಯ ಕಾರಿಗೆ ತಂದದ್ದರಲ್ಲಿ ಉಳಿದದ್ದನ್ನು ಹಾಕೋಣ ಎನ್ನಬೇಡಿ. ಬೈಕಿನ ಕ್ಲಚ್ ಪ್ಲೇಟುಗಳು ಅದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಅಂಶಗಳಿದ್ದರೆ ಕ್ಲಚ್ ಸ್ಲಿಪ್ ಹೊಡೆಯುತ್ತದೆ. ಡಬ್ಬದ ಮೇಲೆ ಜಾಸೊ ಎಂಎ ಎಂದು ಇರಬೇಕು, ದರ್ಜೆ ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಇರಬೇಕು. ಆ ಕೈಪಿಡಿ ಎಲ್ಲಿದೆ ಎಂದು ಹುಡುಕಿ. ಸೀಟಿನ ಕೆಳಗೆ, ಇಲ್ಲದಿದ್ದರೆ ಟಿವಿ ಸ್ಟ್ಯಾಂಡಿನ ಡ್ರಾಯರಿನಲ್ಲಿ ಇರುತ್ತದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿಚ್ಚಿ ಓದಿಲ್ಲ ನೀವು, ನನಗೆ ಗೊತ್ತು.

ಕೆಲಸಕ್ಕೆ ಹಗಲು ಹೊತ್ತು, ಗಾಳಿ ಧೂಳು ಇಲ್ಲದ ಜಾಗ ಆರಿಸಿ. ಭಾನುವಾರ ಸಂಜೆ ಶುರು ಮಾಡಿ, ಸೋಮವಾರ ಬೆಳಿಗ್ಗೆ ಇದೇ ಗಾಡಿಯಲ್ಲಿ ಆಫೀಸಿಗೆ ಹೋಗಬೇಕು ಎಂಬ ಸ್ಥಿತಿ ತಂದುಕೊಳ್ಳಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಸೈಲೆನ್ಸರ್ ಮುಟ್ಟಿದರೆ ಸುಡದಷ್ಟು ಆರಿರಲಿ, ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ಅಲುಗಾಡದೆ ನಿಂತಿರಲಿ. ಸುತ್ತ ಓಡಾಡುವ ಮಕ್ಕಳನ್ನು ಒಳಗೆ ಕಳಿಸಿ. ತೊಳೆಯುವುದಕ್ಕೆ ಟ್ಯಾಂಕಿನಿಂದ ಪೆಟ್ರೋಲ್ ಹಿಡಿಯುವ ಅಭ್ಯಾಸ ದಯವಿಟ್ಟು ಬಿಡಿ. ಡೀಸೆಲ್ ಸಾಕು. ಪೆಟ್ರೋಲ್ ಆವಿಗೆ ಕಿಡಿ ಬೇಕು ಅಷ್ಟೇ, ಅಡುಗೆ ಮನೆಯ ಒಲೆಯೋ ದೇವರ ದೀಪವೋ ಎಲ್ಲಿದೆ ಎಂದು ಅದು ಕೇಳುವುದಿಲ್ಲ.

ಮೊದಲು ಆಯಿಲ್ ಇಳಿಸಿ. ಕವರ್ ಬಿಚ್ಚುವುದಕ್ಕೆ ಆಯಿಲ್ ಇಳಿಸಬೇಕಿಲ್ಲ, ಗಾಡಿಯನ್ನು ಎಡಕ್ಕೆ ಮಲಗಿಸಿದರೆ ಸಾಕು ಎಂದು ಹೇಳುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಮಲಗಿಸಿದ ಗಾಡಿಯಿಂದ ಪೆಟ್ರೋಲ್ ಸೋರುತ್ತದೆ, ಹಳೆ ಮಾದರಿಯ ಬ್ಯಾಟರಿಯಾಗಿದ್ದರೆ ಆಸಿಡ್ ಸೋರುತ್ತದೆ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ, ಮುಟ್ಟಿದರೆ ಸುಡದಷ್ಟು, ಡ್ರೇನ್ ಬೋಲ್ಟ್ ತೆಗೆದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ. ಕೆಳಗೆ ಅಗಲ ಬಾಯಿಯ ಬೇಸಿನ್ ಇಟ್ಟು ಕಾಲು ಗಂಟೆ ಬಿಡಿ. ಇಳಿದ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪಾಗಿದ್ದರೆ ಚಿಂತೆಯಿಲ್ಲ, ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಲೋಹದ ಚೂರು ಕಂಡರೆ ಕೆಲಸ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ.

ಆಮೇಲೆ ಅಡ್ಡ ಬರುವುದನ್ನೆಲ್ಲ ತೆಗೆಯಬೇಕು. ಕಿಕ್ಕರ್, ಫುಟ್‌ರೆಸ್ಟ್, ಬ್ರೇಕ್ ಪೆಡಲ್ ಜಾಗ ಬಿಡದಿದ್ದರೆ ಅದು, ಕ್ಲಚ್ ಕೇಬಲ್. ಕೆಲವು ಗಾಡಿಗಳಲ್ಲಿ ಸೈಲೆನ್ಸರಿನ ಬೆಂಡ್ ಪೈಪನ್ನೂ ಇಳಿಸಬೇಕಾಗುತ್ತದೆ. ಪ್ರತಿಯೊಂದನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ದಿನವಿಡೀ ಕೈಯಲ್ಲೇ ಇರುತ್ತದಲ್ಲ, ಒಳ್ಳೆಯ ಕೆಲಸಕ್ಕೂ ಬರಲಿ. ಈಗ ಒಂದು ರಟ್ಟಿನ ತುಂಡು ತನ್ನಿ (ಗಾಡಿ ಕೆಳಗೆ ಹಾಸಿದ್ದೇ ಆದೀತು). ಅದರ ಮೇಲೆ ಕವರಿನ ಆಕಾರ ಬರೆದು, ಪ್ರತಿ ಬೋಲ್ಟ್ ತೆಗೆದ ಹಾಗೆ ಅದೇ ಜಾಗದಲ್ಲಿ ಚುಚ್ಚಿಡಿ. ಕವರಿನ ಬೋಲ್ಟುಗಳೆಲ್ಲ ಒಂದೇ ಉದ್ದ ಅಲ್ಲ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ತಳ ಮುಟ್ಟಿ ಕೇಸೇ ಒಡೆಯಬಹುದು, ಗಿಡ್ಡದ್ದನ್ನು ಉದ್ದದ ಜಾಗಕ್ಕೆ ಹಾಕಿದರೆ ಎರಡೇ ಸುತ್ತು ಹಿಡಿದು ಥ್ರೆಡ್ ಕಿತ್ತು ಬರುತ್ತದೆ. ಎಲ್ಲವನ್ನೂ ಒಂದು ತಟ್ಟೆಗೆ ಸುರಿದು, ಜೋಡಿಸುವಾಗ ನೋಡಿಕೊಂಡರಾಯಿತು ಎನ್ನುವ ಅಭ್ಯಾಸ ಬೇಡ.

ಪ್ಲಸ್ ಸ್ಕ್ರೂ ಇರುವ ಹಳೆಯ ಗಾಡಿಯಾದರೆ ತುದಿ ಸವೆದ ಸ್ಕ್ರೂಡ್ರೈವರನ್ನು ಹತ್ತಿರ ತರಲೇಬೇಡಿ. ಸ್ಕ್ರೂ ತಲೆ ಒಮ್ಮೆ ಕೆಟ್ಟರೆ ಡ್ರಿಲ್ ಹಾಕಿಯೇ ತೆಗೆಯಬೇಕು. ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಾಡಿಗೆಗೋ ಕೈಗಡವೋ ತನ್ನಿ.

ಬೋಲ್ಟುಗಳೆಲ್ಲ ಬಂದವು, ಕವರ್ ಬರಲಿಲ್ಲ. ಇಲ್ಲೇ ನೋಡಿ ಹೆಚ್ಚಿನವರು ಕೆಡಿಸಿಕೊಳ್ಳುವುದು. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟುತ್ತಾರೆ. ಅಲ್ಯೂಮಿನಿಯಂ ಮೆದು ಲೋಹ, ಮೀಟಿದ ಜಾಗದಲ್ಲಿ ಗುಳಿ ಬೀಳುತ್ತದೆ. ಆ ಗುಳಿಯನ್ನು ಯಾವ ಪ್ಯಾಕಿಂಗೂ ಮುಚ್ಚುವುದಿಲ್ಲ, ಗಾಡಿ ಬದುಕಿರುವವರೆಗೂ ಅಲ್ಲೇ ಸೋರುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಬಾರದ ಕವರಿನಲ್ಲಿ ಒಂದು ಬೋಲ್ಟ್ ಉಳಿದಿರಬಹುದು, ಜಿಡ್ಡಿನ ಕೆಳಗೆ ಅಡಗಿರುತ್ತದೆ, ಮೊದಲು ಅದನ್ನು ಹುಡುಕಿ. ಎಲ್ಲ ತೆಗೆದಿದ್ದರೆ ಮರದ ತುಂಡು ಅಡ್ಡವಿಟ್ಟು, ಇಲ್ಲವೇ ರಬ್ಬರ್ ಸುತ್ತಿಗೆಯಿಂದ, ಅಂಚಿನ ಗಟ್ಟಿ ಜಾಗಗಳಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ. ಬಿಡುತ್ತದೆ. ಬಿಡದೆ ಎಲ್ಲಿಗೆ ಹೋಗುತ್ತದೆ?

ಕವರನ್ನು ಎಳೆಯುವಾಗ ನೇರವಾಗಿ, ನಿಧಾನವಾಗಿ ಎಳೆಯಿರಿ. ಕಿಕ್ ಶಾಫ್ಟಿನ ಮೇಲಿನ ವಾಷರ್ ಆಯಿಲಿನ ಅಂಟಿಗೆ ಕವರಿಗೇ ಹತ್ತಿಕೊಂಡು ಬಂದು ಆಮೇಲೆ ಎಲ್ಲೋ ಉದುರುತ್ತದೆ. ಕ್ಲಚ್ ತಳ್ಳುವ ಸಣ್ಣ ಭಾಗಗಳೂ ಹಾಗೆಯೇ. ಕೆಳಗೆ ಬಿಳಿ ಬಟ್ಟೆ ಹಾಸಿದ್ದರೆ ಬಿದ್ದದ್ದು ಕಾಣುತ್ತದೆ. ಎರಡು ಕಡೆ ಕವರನ್ನು ಸರಿಯಾದ ಸ್ಥಾನದಲ್ಲಿ ಹಿಡಿಯುವ ಪುಟ್ಟ ಕೊಳವೆಯಂಥ ಡವೆಲ್ ಪಿನ್‌ಗಳಿರುತ್ತವೆ. ಅವು ಕೇಸಿನಲ್ಲಿವೆಯೋ ಕವರಿನಲ್ಲಿವೆಯೋ ಎಣಿಸಿ ಇಟ್ಟುಕೊಳ್ಳಿ. ಅವಿಲ್ಲದೆ ಜೋಡಿಸಿದ ಕವರ್ ಕೂದಲೆಳೆಯಷ್ಟು ಜರುಗಿ ಕೂತು, ಪ್ಯಾಕಿಂಗ್ ಒಂದು ಕಡೆ ಹಿಂಡಿ ಇನ್ನೊಂದು ಕಡೆ ಸಡಿಲವಾಗುತ್ತದೆ.

ಈಗ ಬಂತು ನಾನು ಹೇಳಿದ ನಿಜವಾದ ಕೆಲಸ. ಹಳೆಯ ಪ್ಯಾಕಿಂಗ್ ಎಂದೂ ಇಡಿಯಾಗಿ ಬರುವುದಿಲ್ಲ. ಅರ್ಧ ಕವರಿಗೆ, ಅರ್ಧ ಕೇಸಿಗೆ, ಕಲ್ಲಿನ ಹಾಗೆ ಕಚ್ಚಿಕೊಂಡಿರುತ್ತದೆ. ತೆರೆದ ಎಂಜಿನ್ನಿನ ಬಾಯಿಗೆ ಮೊದಲು ಚೊಕ್ಕ ಬಟ್ಟೆ ತುಂಬಿ, ಚೂರುಗಳು ಒಳಗೆ ಬೀಳದಿರಲಿ. ನೂಲು ಬಿಡುವ ಹರಕು ಬೇಡ, ಒಂದೆಳೆ ನೂಲು ಆಯಿಲ್ ಜಾಲರಿಗೆ ಹೋಗಿ ಕೂತರೆ ಸಾಕು. ಅಂಟಿದ ಜಾಗಕ್ಕೆ ಡೀಸೆಲನ್ನೋ ತಿನ್ನರನ್ನೋ ಬಟ್ಟೆಯಲ್ಲಿ ಅದ್ದಿ ಒತ್ತಿಟ್ಟು ಸ್ವಲ್ಪ ಹೊತ್ತು ನೆನೆಯಲು ಬಿಡಿ. ಬಣ್ಣಕ್ಕೆ ತಿನ್ನರ್ ತಾಗದಂತೆ ನೋಡಿಕೊಳ್ಳಿ. ಆಮೇಲೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಎಬ್ಬಿಸಿ. ಅದಕ್ಕೂ ಬಗ್ಗದಿದ್ದರೆ ಬ್ಲೇಡ್ ಬಳಸಬಹುದು, ಆದರೆ ಕಾವಲಿಯಿಂದ ದೋಸೆ ಎಬ್ಬಿಸುವಾಗ ಸಟ್ಟುಗ ಹೇಗೆ ಮಲಗಿಸಿ ಹಿಡಿಯುತ್ತೀರೋ ಹಾಗೆ ಮಲಗಿಸಿ. ಮೊನೆ ಲೋಹಕ್ಕೆ ಚುಚ್ಚಬಾರದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಡಿ.

ಉಪ್ಪು ಕಾಗದ ಹಾಕಿ ಉಜ್ಜಿಬಿಡೋಣ ಅನಿಸುತ್ತದೆ, ಬೇಡ. ಅದರ ಹರಳು ಉದುರಿ ಬೇರಿಂಗಿಗೆ ಸೇರಿದರೆ ಎಂಜಿನ್ನನ್ನು ಒಳಗಿಂದ ಅರೆಯುತ್ತದೆ. ಮೇಲಾಗಿ ಕೈಯಲ್ಲಿ ಉಜ್ಜಿದ ಅಂಚು ದುಂಡಗಾಗುತ್ತದೆ, ಸಮತಟ್ಟಾಗಿ ಉಳಿಯುವುದಿಲ್ಲ. ಪವರ್ ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿ ಉಜ್ಜುವುದಂತೂ ಬೇಡವೇ ಬೇಡ. ಬಹಳ ಹಳೆಯ ಗಾಡಿಯಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಆಗಿನ ಕಾಲದ ಎಷ್ಟೋ ಪ್ಯಾಕಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದನ್ನು ಒಣಗಿದ್ದಾಗ ಕೆರೆದು ಧೂಳು ಎಬ್ಬಿಸಬೇಡಿ, ಒದ್ದೆ ಮಾಡಿಯೇ ತೆಗೆಯಿರಿ, ಬಾಯಿಂದ ಊದಬೇಡಿ, ಮೂಗಿಗೆ ಮಾಸ್ಕ್ ಇರಲಿ.

ಚೊಕ್ಕವಾಯಿತೇ ಎಂದು ಕಣ್ಣು ನಂಬಬೇಡಿ, ಬೆರಳ ತುದಿ ಆಡಿಸಿ. ಕಣ್ಣಿಗೆ ಕಾಣದ ಹಕ್ಕಳೆ ಬೆರಳಿಗೆ ಸಿಗುತ್ತದೆ. ಬೋಲ್ಟ್ ತೂತುಗಳ ಸುತ್ತ, ಒಳಮೂಲೆಗಳಲ್ಲಿ ಇನ್ನೊಮ್ಮೆ ನೋಡಿ, ಅಲ್ಲಿಯೇ ಚೂರು ಉಳಿಯುವುದು. ಬೋಲ್ಟ್ ತೂತಿನೊಳಗೆ ಆಯಿಲ್ ನಿಂತಿದ್ದರೆ ಬಟ್ಟೆಯ ಸುರುಳಿ ಇಳಿಸಿ ಹೀರಿಸಿ. ಆಮೇಲೆ ಕವರನ್ನು ದಪ್ಪ ಗಾಜಿನ ಹಲಗೆಯ ಮೇಲೆ ಬೋರಲು ಹಾಕಿ ಮೂಲೆಗಳನ್ನು ಒತ್ತಿ ನೋಡಿ. ಲಟಕ್ ಪಟಕ್ ಎಂದು ಆಡಿದರೆ ಕವರ್ ಸೊಟ್ಟಗಾಗಿದೆ. ಎಂದೋ ಒಮ್ಮೆ ಗಾಡಿ ಬಿದ್ದಾಗ ಹಾಗಾಗಿರುತ್ತದೆ. ಅಂಥ ಕವರನ್ನು ಬದಲಾಯಿಸುವುದೇ ಲೇಸು.

ಹೇಗೂ ಬಾಗಿಲು ತೆರೆದಿದೆಯಲ್ಲ, ಒಳಗಿನ ಕಸವನ್ನೂ ತೆಗೆದುಬಿಡಿ. ಸ್ಪ್ಲೆಂಡರಿನಲ್ಲಿ ಕಾರಿನಂಥ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಕೆಳಗೆ ಒಂದು ಜಾಲರಿ ಇದೆ, ಕ್ರ್ಯಾಂಕಿನ ತುದಿಯಲ್ಲಿ ಗರಗರ ತಿರುಗುತ್ತಾ ಕಲ್ಮಷವನ್ನು ಗೋಡೆಗೆ ಎಸೆದು ಹಿಡಿಯುವ ಒಂದು ಬಟ್ಟಲು ಇದೆ. ಜಾಲರಿಯನ್ನು ಎಳೆದು, ಯಾವ ಅಂಚು ಒಳಗಿತ್ತು ಎಂದು ನೋಡಿಕೊಂಡು, ತೊಳೆದು ಹಾಗೆಯೇ ಹಾಕಿ. ಬಟ್ಟಲಿನ ಮುಚ್ಚಳ ತೆಗೆದರೆ ಒಳಗೆ ಕರಿ ಮೇಣ ಕಟ್ಟಿರುತ್ತದೆ, ಅದನ್ನು ಒರೆಸಿ ತೆಗೆಯಿರಿ. ಆ ಮುಚ್ಚಳಕ್ಕೂ ಒಂದು ಸಣ್ಣ ಪ್ಯಾಕಿಂಗ್ ಇರುತ್ತದೆ, ಸಾಮಾನು ತರುವಾಗಲೇ ಅದನ್ನೂ ಕೇಳಿ ತಂದಿಟ್ಟುಕೊಂಡಿರಿ.

ಜೋಡಿಸುವಾಗ ಮೊದಲು ಹಳೇ ಆಯಿಲ್ ಸೀಲ್ ತೆಗೆದು ಹೊಸದನ್ನು ನೇರವಾಗಿ ಕೂರಿಸಿ, ಅದರ ತುಟಿಗೆ ಸ್ವಲ್ಪ ಆಯಿಲ್ ಸವರಿ. ಕಿಕ್ ಶಾಫ್ಟಿನ ತುದಿಯ ಹಲ್ಲುಗಳು ಚೂಪು, ಕವರ್ ತೂರಿಸುವಾಗ ಹೊಸ ಸೀಲಿನ ತುಟಿಯನ್ನು ಕತ್ತರಿಸಿಬಿಡುತ್ತವೆ. ಆ ಹಲ್ಲುಗಳ ಮೇಲೆ ತೆಳು ಟೇಪು ಸುತ್ತಿ, ಕವರ್ ಕೂತ ಮೇಲೆ ಬಿಡಿಸಿ. ಎರಡು ನಿಮಿಷದ ಈ ಉಪಾಯ ಮಾಡದವರು ಪ್ಯಾಕಿಂಗ್ ಸರಿಮಾಡಿ ಸೀಲ್ ಸೋರಿಸಿಕೊಳ್ಳುತ್ತಾರೆ.

ಹೊಸ ಪ್ಯಾಕಿಂಗನ್ನು ಡವೆಲ್ ಪಿನ್‌ಗಳಿಗೆ ಸಿಕ್ಕಿಸಿ ಒಣಗಿದ್ದಂತೆಯೇ ಕೂರಿಸಿ. ಪ್ರತಿ ತೂತೂ ಸರಿಯಾಗಿ ಬಂತೇ ನೋಡಿ. ಇಲ್ಲಿ ನಿಮ್ಮ ಕೈ ತುರಿಸುತ್ತದೆ, ಯಾತಕ್ಕೂ ಇರಲಿ ಎಂದು ಅನಬಾಂಡ್ ಅಂಟಿನ ಟ್ಯೂಬು ಹಿಂಡಲು. ಬೇಡ. ಹೊರಗೆ ಎಷ್ಟು ಉಕ್ಕಿ ಬರುತ್ತದೋ ಅಷ್ಟೇ ಒಳಗೂ ಉಕ್ಕಿರುತ್ತದೆ. ಒಳಗಿನದು ಒಣಗಿ, ಕಿತ್ತು, ಆಯಿಲಿನಲ್ಲಿ ತೇಲಿ ಹೋಗಿ ನೀವು ಈಗ ತಾನೇ ತೊಳೆದ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಹಲವು ಎಂಜಿನ್ನುಗಳಲ್ಲಿ ಕವರಿನ ಮೂಲಕವೇ ಕ್ರ್ಯಾಂಕಿಗೆ ಆಯಿಲ್ ಹೋಗುವ ದಾರಿ ಇರುತ್ತದೆ, ಅದಕ್ಕಾಗಿ ಪ್ಯಾಕಿಂಗಿನಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಆ ತೂತಿಗೆ ಅಂಟು ತುಂಬಿದರೆ ಸೋರಿಕೆ ನಿಂತು ಎಂಜಿನ್ನೂ ನಿಲ್ಲುತ್ತದೆ. ಕೈಪಿಡಿ ಎಲ್ಲಾದರೂ ಅಂಟು ಹಾಕಲು ಹೇಳಿದ್ದರೆ ಅಲ್ಲಿ ಮಾತ್ರ, ಹೇಳಿದಷ್ಟು ಮಾತ್ರ.

ಕವರನ್ನು ಕೈಯಿಂದಲೇ ಒತ್ತಿ ಕೂರಿಸಿ. ಕೊನೆಯ ಅರ್ಧ ಬೆರಳು ಕೂರದಿದ್ದರೆ ಬೋಲ್ಟ್ ಹಾಕಿ ಎಳೆಯಬೇಡಿ, ಒಳಗೆ ಏನೋ ಅಡ್ಡ ಇದೆ. ತೆಗೆದು ನೋಡಿ. ಕೂತ ಮೇಲೆ ಎಲ್ಲ ಬೋಲ್ಟನ್ನೂ ಬೆರಳಲ್ಲೇ ಕೊನೆಯವರೆಗೆ ತಿರುಗಿಸಿ. ಬಳಿಕ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡುತ್ತಾ ಬನ್ನಿ. ಒಂದೇ ಕಡೆಯಿಂದ ಸಾಲಾಗಿ ಬಿಗಿದರೆ ಪ್ಯಾಕಿಂಗ್ ಸುಕ್ಕುಗಟ್ಟುತ್ತದೆ. ಆರು ಮಿಲಿಮೀಟರಿನ ಈ ಬೋಲ್ಟುಗಳಿಗೆ ಸಾಮಾನ್ಯವಾಗಿ 10ರಿಂದ 12 ನ್ಯೂಟನ್ ಮೀಟರ್ ಸಾಕು. ಟಾರ್ಕ್ ಸ್ಪ್ಯಾನರ್ ಇದ್ದರೆ ಅದನ್ನೇ ಬಳಸಿ. ಇಲ್ಲದವರು ಗಿಡ್ಡ ಟಿ ಸ್ಪ್ಯಾನರ್ ಹಿಡಿದು ಮಣಿಕಟ್ಟಿನ ಬಲದಲ್ಲಿ ಬಿಗಿ ಮಾಡಿ, ಭುಜದ ಬಲದಲ್ಲಲ್ಲ. ಬಿಗಿಯಾದಷ್ಟೂ ಸೋರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಅತಿ ಬಿಗಿಗೆ ಪ್ಯಾಕಿಂಗ್ ಹಿಂಡಿ ಹರಿಯುತ್ತದೆ, ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಥ್ರೆಡ್ ಹೋಗಿಯೇಬಿಟ್ಟರೆ ದಪ್ಪ ಸ್ಕ್ರೂ ತುರುಕಬೇಡಿ, ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ ಎಂಬ ಹೊಸ ಥ್ರೆಡ್ ಹಾಕಿಕೊಡುತ್ತಾರೆ.

ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿದ್ದೀರಿ ತಾನೆ? ಅದನ್ನು ಮರೆತು ಮೇಲಿಂದ ಆಯಿಲ್ ಸುರಿಯುವವರೂ ಇರುತ್ತಾರೆ. ಆಯಿಲ್ ಹಾಕಿ, ಎರಡು ಮೂರು ನಿಮಿಷ ಐಡಲ್‌ನಲ್ಲಿ ಓಡಿಸಿ, ಆಫ್ ಮಾಡಿ, ಮತ್ತೆ ಎರಡು ಮೂರು ನಿಮಿಷ ಬಿಡಿ. ಸೆಂಟರ್ ಸ್ಟ್ಯಾಂಡ್ ಮೇಲೆಯೇ, ಡಿಪ್‌ಸ್ಟಿಕ್ ಒರೆಸಿ, ತಿರುಗಿಸದೆ ಸುಮ್ಮನೆ ಇಳಿಸಿ ಮಟ್ಟ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ ಮಟ್ಟ ಸುಳ್ಳು ಹೇಳುತ್ತದೆ.

ಗಾಡಿ ರಸ್ತೆಗಿಳಿಸುವ ಮೊದಲು ಕ್ಲಚ್ಚನ್ನೂ ಬ್ರೇಕನ್ನೂ ನೋಡಿ. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಆಟ ಇರಬೇಕು, ಹಿಂದಿನ ಬ್ರೇಕ್ ಪೆಡಲಿಗೆ 20ರಿಂದ 30. ಪೆಡಲ್ ಒತ್ತಿದಾಗ ಹಿಂದಿನ ದೀಪ ಉರಿಯುತ್ತದೆಯೇ, ಬಿಟ್ಟಾಗ ಆರುತ್ತದೆಯೇ ಎಂದು ಬೇರೆಯವರನ್ನು ಹಿಂದೆ ನಿಲ್ಲಿಸಿ ಕೇಳಿ. ಆಯಿಲ್ ತಾಗಿದ್ದ ಟೈರಿನ ಅಂಚನ್ನು, ಪೆಡಲನ್ನು, ನಿಮ್ಮ ಶೂ ಅಡಿಯನ್ನು ಸೋಪು ಹಾಕಿ ತೊಳೆಯಿರಿ. ಬೀದಿಯಲ್ಲೇ ಒಂದು ಸುತ್ತು ನಿಧಾನ ಹೋಗಿ ಬಂದು ಪೌಡರ್ ಪರೀಕ್ಷೆ ಮತ್ತೆ ಮಾಡಿ. ಮಾರನೆಯ ದಿನ ಎಂಜಿನ್ ತಣ್ಣಗಿರುವಾಗ ಬೋಲ್ಟುಗಳನ್ನು ಒಮ್ಮೆ ಮುಟ್ಟಿ ನೋಡಿ, ಸಡಿಲವಿದ್ದರೆ ಮಾತ್ರ ಹಿಡಿಯಿರಿ. ಮುಂದಿನ ಒಂದು ವಾರ ದಿನಕ್ಕೊಮ್ಮೆ ಆಯಿಲ್ ಮಟ್ಟ ನೋಡುವುದು ನಿಮಗೆ ಕಷ್ಟದ ಮಾತೇನಲ್ಲ.

ಬೇಸಿನ್ನಿನಲ್ಲಿ ಇಳಿಸಿದ ಹಳೇ ಆಯಿಲ್ ಇನ್ನೂ ಅಂಗಳದಲ್ಲೇ ಕೂತಿದೆ. ಅದನ್ನು ಚರಂಡಿಗೆ, ತೆಂಗಿನ ಬುಡಕ್ಕೆ, ಹಿತ್ತಲ ಮಣ್ಣಿಗೆ ಸುರಿಯುವಂತಿಲ್ಲ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೆಂದು 2016ರ ನಿಯಮಗಳೇ ಹೇಳುತ್ತವೆ, ಮಣ್ಣಿಗೆ ಇಳಿದರೆ ನಿಮ್ಮದೇ ಬೋರ್‌ವೆಲ್ ನೀರು ಕೆಡುತ್ತದೆ. ಕೈಗೆ ಮೆತ್ತಿದ್ದನ್ನು ಡೀಸೆಲಿನಲ್ಲಲ್ಲ, ಸೋಪಿನಲ್ಲಿ ತೊಳೆಯಿರಿ, ಮುಂದಿನ ಸಲ ಕೈಗವಸು ಹಾಕಿಕೊಳ್ಳಿ. ಖಾಲಿಯಾದ ಹೊಸ ಆಯಿಲಿನ ಡಬ್ಬಕ್ಕೇ ಹಳೆಯದನ್ನು ಸುರಿದು, ಮೇಲೆ ‘ಹಳೇ ಆಯಿಲ್’ ಎಂದು ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನಾಳೆ ಪೇಟೆಗೆ ಹೋಗುವಾಗ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನ ಡ್ರಮ್ಮಿಗೆ ಹಾಕಿಸಿ ಬನ್ನಿ.